ಇಪ್ಪತ್ತೈದರಿಂದ ಅರವತ್ತರವರೆಗೆ

ಹಾಗಲವಾಡಿ
14 ಅಕ್ಟೋಬರ್ 2025

ಪ್ರೀತಿಯ ಸುಧಕ್ಕ,

ನಾನು ತ್ರಿವೇಣಿ! ನಿಮ್ಮ ತಮ್ಮನ ಹೆಂಡತಿ! ಹೀಗೆ ಬರೆಯುವುದಕ್ಕೇ ಎಷ್ಟು ಖುಷಿ ಗೊತ್ತಾ? ಮದುವೆಯಾಗಿ ಎರಡು ತಿಂಗಳಾಗುತ್ತ ಬಂತು, ಇನ್ನೂ ಯಾರಾದರೂ ‘ಮಲ್ಲಿಕಾರ್ಜುನನ ಹೆಂಡ್ತಿ’ ಅಂದರೆ ಅದು ಯಾರಪ್ಪಾ ಎಂದು ಹಿಂದೆ ತಿರುಗಿ ನೋಡುತ್ತೇನೆ.

ನಿಮಗೆ ಫೋನ್ ಇಲ್ಲ ಎಂದು ಇವರು ಹೇಳಿದಾಗ ನಾನು ನಂಬಲೇ ಇಲ್ಲ. ಆಮೇಲೆ ಅನ್ನಿಸಿತು, ಎಷ್ಟು ಚೆನ್ನಾಗಿದೆ, ನಾನು ಜೀವಮಾನದಲ್ಲಿ ಯಾರಿಗೂ ಪತ್ರ ಬರೆದಿಲ್ಲ! ತುಮಕೂರಿನಲ್ಲಿ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಬರೆದದ್ದೆಂದರೆ ರಜಾ ಅರ್ಜಿ ಮಾತ್ರ. ಕೊನೆಯಲ್ಲಿ ‘ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂದು ಬರೆದುಬಿಟ್ಟರೆ ನಗಬೇಡಿ.

ನೀವು ಮದುವೆಗೆ ಬರಲಿಲ್ಲ, ನಿಮ್ಮನ್ನು ನೋಡುವ ಆಸೆ ಹಾಗೇ ಉಳಿಯಿತು. ನೀವು ಹೊಲಿದು ಕಳಿಸಿದ ಬ್ಲೌಸ್ ಮಾತ್ರ ನನಗೆ ಎಷ್ಟು ಸರಿಯಾಗಿ ಕೂತಿತು ಎಂದರೆ, ಅಳತೆಯೇ ಇಲ್ಲದೆ ಹೇಗೆ ಹೊಲಿದರು ಎಂದು ನಮ್ಮ ಕಡೆಯವರೆಲ್ಲ ಕೇಳಿದರು. ನಿಮ್ಮ ಯಜಮಾನರು ಜಯಪ್ರಕಾಶ್ ಭಾವನ ವಿಷಯ ಇವರು ಹೇಳಿದರು. ಬೈಕ್ ಆಕ್ಸಿಡೆಂಟಿನಲ್ಲಿ ಹೋದರಂತೆ. ನನಗೆ ತುಂಬ ಸಂಕಟವಾಯಿತು ಅಕ್ಕ. ಆವತ್ತಿನಿಂದ ಇವರು ಹೆಲ್ಮೆಟ್ ಹಾಕದೆ ಗುಬ್ಬಿಗೆ ಹೊರಟರೆ ನಾನು ಕೀ ಕೊಡುವುದಿಲ್ಲ.

ನಿಮ್ಮ ಅಪ್ಪನ ಬಾಣಬಿರುಸಿನ ಮದ್ದಿನ ಕೆಲಸ ನೋಡಿ ನಾನು ಮರುಳಾಗಿದ್ದೇನೆ! ಮೊದಲ ಸಲ ತೋಟದಾಚೆಯ ಶೆಡ್ಡಿಗೆ ಹೋದಾಗ ಮಾವ ಬಾಗಿಲಲ್ಲೇ ತಡೆದರು. “ಆ ಪಾಲಿಸ್ಟರ್ ಸೀರೆ ಉಟ್ಕೊಂಡು ಒಳಕ್ ಬರ್ಬ್ಯಾಡ ಕಣವ್ವ. ಬಳೆ, ಚಪ್ಲಿ, ಮೊಬೈಲು ಎಲ್ಲ ಆಚೆ.” ನಾನು ಓಡಿಹೋಗಿ ಕಾಟನ್ ಚೂಡಿದಾರ ಹಾಕಿಕೊಂಡು ಬರಿಗಾಲಲ್ಲಿ ಬಂದೆ. “ಸುಧಾ ಇಲ್ಲೇ ಕೂತ್ಕೊತಿದ್ಲು” ಎಂದು ಗೋಡೆ ಪಕ್ಕದ ಜಾಗ ತೋರಿಸಿದರು. ಅಷ್ಟೇ, ಮತ್ತೆ ಮಾತೇ ಇಲ್ಲ. ನಮ್ಮ ಮಾವ ಕದರಯ್ಯನವರು ದಿನಕ್ಕೆ ಇಷ್ಟೇ ಮಾತು ಎಂದು ಎಣಿಸಿ ಇಟ್ಟುಕೊಂಡಿದ್ದಾರಾ?

ದೊಡ್ಡ ಸುದ್ದಿ ಈಗ. ತುಮಕೂರಿನ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯ ಬೆಳ್ಳಿಹಬ್ಬ. ಡಿಸೆಂಬರ್ 28ರ ಭಾನುವಾರ ಸಂಜೆ ಅವರ ಮೈದಾನದಲ್ಲಿ ಮದ್ದು ಸುಡುವ ಕೆಲಸ ನಮಗೇ ಬಂದಿದೆ! ಅಲ್ಲಿನ ಮ್ಯಾನೇಜರ್ ಲಕ್ಷ್ಮೀಕಾಂತ್ ಮನೆಗೇ ಬಂದಿದ್ದರು. ಅವರಿಗೆ ಇಂಗ್ಲಿಷ್ ಮೇಲ್ ಕಳಿಸುವುದು ನನ್ನ ಡಿಪಾರ್ಟ್‌ಮೆಂಟ್. ಅವರ ಇನ್ಶೂರೆನ್ಸಿನವರದು ಒಂದು ಷರತ್ತಿದೆ. ಮೈದಾನದಲ್ಲಿ ಮುಖ್ಯಸ್ಥರೆಂದು ಯಾರ ಹೆಸರು ಕೊಡುತ್ತೇವೋ ಅವರಿಗೆ ಇಪ್ಪತ್ತೈದು ತುಂಬಿರಬೇಕು, ಅರವತ್ತು ದಾಟಿರಬಾರದು. ಮಾವನಿಗೆ ಅರವತ್ತು ದಾಟಿದೆಯಲ್ಲ, ಅದಕ್ಕೆ ಇವರ ಹೆಸರು ಕೊಟ್ಟಿದ್ದೇವೆ. ನನ್ನ ಗಂಡ ಇಪ್ಪತ್ತಾರಕ್ಕೇ ಮುಖ್ಯಸ್ಥ!

ಕೊನೆಗೆ ಒಂದು ಗುಟ್ಟು. ಇವರ ಬರ್ತ್‌ಡೇಗೆ ಸರ್ಪ್ರೈಸ್ ಕೊಡಬೇಕು. ಆಧಾರ್‌ನಲ್ಲಿ ಜೂನ್ 1 ಇದೆ. ಪಕ್ಕದ ಮನೆಯವರದೂ ಜೂನ್ 1, ಹಾಲಿನ ಡೈರಿಯವರದೂ ಜೂನ್ 1! ಇಡೀ ಊರಿಗೆ ಹೆಡ್‌ಮಾಸ್ಟರೇ ಹೆರಿಗೆ ಮಾಡಿಸಿದ್ದಾರೆ. ನಿಜವಾದ ದಿನ ನಿಮಗೆ ಮಾತ್ರ ಗೊತ್ತು ಎಂದು ಇವರು ಹೇಳುತ್ತಾರೆ. ದಯವಿಟ್ಟು ತಿಳಿಸಿ.

ನಿಮ್ಮ ಪ್ರೀತಿಯ (ಮತ್ತು ವಿಧೇಯ!)
ತ್ರಿವೇಣಿ


ಕುಣಿಗಲ್
29 ಅಕ್ಟೋಬರ್ 2025

ತ್ರಿವೇಣಿಗೆ,

ಪತ್ರ ಬಂತು. ಇಲ್ಲಿ ನಾನು, ಅತ್ತೆ ಇಬ್ಬರೂ ಕ್ಷೇಮ. ಅತ್ತೆಯ ಮಂಡಿನೋವು ಹಾಗೇ ಇದೆ.

ಮಲ್ಲಿ ಹುಟ್ಟಿದ್ದು 2001ರ ನವೆಂಬರ್ 20, ಮಂಗಳವಾರ. ಅವನಿಗೆ ಮೂರು ವರ್ಷವಾದಾಗ ಅವ್ವ ತೀರಿಕೊಂಡಳು. ಅಪ್ಪ ಮದ್ದಿನ ಕೆಲಸಕ್ಕೆ ಊರೂರು ಹೋಗುತ್ತಿದ್ದರು. ನಾನು ಆಗ ಆರನೇ ಕ್ಲಾಸು. ಅವನನ್ನು ಬಿಟ್ಟು ಹೋಗಲು ಯಾರೂ ಇರಲಿಲ್ಲ, ಸೊಂಟದ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಹೋಗುತ್ತಿದ್ದೆ. ಬಿಸಿಯೂಟ ಹಾಕಬೇಕಾದರೆ ಹಾಜರಿಯಲ್ಲಿ ಹೆಸರು ಬೇಕು ಎಂದರು ಮೇಷ್ಟ್ರು. ಹೆಸರು ಹಚ್ಚಬೇಕಾದರೆ ವಯಸ್ಸು ಬೇಕು ಎಂದರು. ಆರು ಎಂದು ಬರೆದುಕೊಂಡರು. ಅವನಿಗೆ ಮೂರೂವರೆ. ಊಟ ಸಿಕ್ಕಿತು.

ಜಯಪ್ರಕಾಶ್ ವಿಷಯ ಬರೆದಿದ್ದೀಯ. ಹೆಲ್ಮೆಟ್ ವಿಷಯವೂ ಬರೆದಿದ್ದೀಯ. ಸರಿ.

ಬ್ಲೌಸಿನ ಅಳತೆ ಮಲ್ಲಿ ತೋರಿಸಿದ ಫೋಟೋ ನೋಡಿ ಅಂದಾಜು ಮಾಡಿದ್ದು.

ಸುಧಾ


ಹಾಗಲವಾಡಿ
5 ನವೆಂಬರ್ 2025

ಪ್ರೀತಿಯ ಸುಧಕ್ಕ,

ಅಯ್ಯೋ ದೇವರೇ! ನಿಮ್ಮ ಪತ್ರ ಓದಿ ಮಂಚದ ಮೇಲೆ ಬಿದ್ದು ಬಿದ್ದು ನಕ್ಕೆ! ನಾನು ಹುಟ್ಟಿದ್ದು 2000ದ ಜನವರಿ. ಅಂದರೆ ನಾನು ನನ್ನ ಗಂಡನಿಗಿಂತ ದೊಡ್ಡವಳು! ನವರಾತ್ರಿಯಲ್ಲಿ ಇವರ ಕಾಲಿಗೆ ನಮಸ್ಕಾರ ಮಾಡಿದೆನಲ್ಲ, ಅದನ್ನು ವಾಪಸ್ ಇಸಿದುಕೊಳ್ಳಬೇಕು. ನಮ್ಮಮ್ಮನಿಗೆ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾರೆ. ಈಗಿನಿಂದಲೇ ಇವರನ್ನು ಮನಸ್ಸಿನಲ್ಲಿ ‘ಲೋ’ ಎಂದು ಕರೆಯಲು ಶುರು ಮಾಡಿದ್ದೇನೆ.

ಮೂರೂವರೆ ವರ್ಷದ ಮಲ್ಲಿ ನಿಮ್ಮ ಸೊಂಟದ ಮೇಲೆ ಕೂತು ಸ್ಕೂಲಿಗೆ ಹೋಗುವುದನ್ನು ನೆನೆಸಿಕೊಂಡರೆ ಮುದ್ದು ಬರುತ್ತದೆ. ನಿನ್ನೆ ಊಟಕ್ಕೆ ಕೂತಾಗ “ಇನ್ನೊಂದು ತುತ್ತು ತಿನ್ನಪ್ಪ, ಬಿಸಿಯೂಟ” ಎಂದೆ. ಇವರಿಗೆ ಏನೂ ಅರ್ಥವಾಗಲಿಲ್ಲ!

ಗುಬ್ಬಿಯ ಬೇಕರಿಯಲ್ಲಿ ಕೇಕ್‌ಗೆ ಹೇಳಿದ್ದೇನೆ. ಮೇಲೆ 24 ಎಂದು ಮೇಣದ ಬತ್ತಿ. ಇವರ ಮುಖ ನೋಡಬೇಕು!

ಆದರೆ ನಿಮ್ಮ ಪತ್ರ ಎಷ್ಟು ಚಿಕ್ಕದು ಅಕ್ಕ. ನಾನೇನಾದರೂ ತಪ್ಪು ಬರೆದೆನಾ? ನಮ್ಮಮ್ಮ ಯಾವಾಗಲೂ ಬೈಯುತ್ತಾರೆ, ಎದುರಿನವರು ಅಳುತ್ತಿದ್ದರೂ ನೀನು ಮಾತು ನಿಲ್ಲಿಸುವುದಿಲ್ಲ ಎಂದು. ಹಾಗಿದ್ದರೆ ಒಂದು ಸಲ ಗದರಿಸಿಬಿಡಿ. ಇನ್ನು ಮುಂದೆ ಎರಡು ಪುಟ ಕಡ್ಡಾಯ.

ನಿಮ್ಮ
ತ್ರಿವೇಣಿ


ಹಾಗಲವಾಡಿ
24 ನವೆಂಬರ್ 2025

ಸುಧಕ್ಕ,

ನಾನು ಎಲ್ಲವನ್ನೂ ಹಾಳು ಮಾಡಿಬಿಟ್ಟೆ.

ಕೇಕ್ ಕಟ್ ಮಾಡಿದೆವು. ಇವರು ಬತ್ತಿ ನೋಡಿ “ಇದೇನೇ, ಎರಡು ವರ್ಷ ಡಿಸ್ಕೌಂಟಾ?” ಎಂದರು. ನಾನು ನಗುತ್ತ ಎಲ್ಲ ಹೇಳಿದೆ. ಇವರು ನಗಲಿಲ್ಲ. “ನಿಂಗ್ಯಾರೇ ಹೇಳಿದ್ದು?” ಎಂದರು. ಸುಧಕ್ಕ ಎಂದೆ. “ಅಕ್ಕನಾ? ವರ್ಷನೂ ಬರ್ದಿದ್ಲಾ?” ಎಂದು ಕೇಳಿದರು. ಅಷ್ಟರಲ್ಲಿ ನಾನು ಫೋಟೋವನ್ನು ಸ್ಟೇಟಸ್‌ಗೆ ಹಾಕಿ ಆಗಿತ್ತು. ‘ಹ್ಯಾಪಿ ಟ್ವೆಂಟಿ ಫೋರ್ತ್ ಟು ಮೈ ಬೇಬಿ ಹಸ್ಬೆಂಡ್’ ಎಂದು ಬರೆದು, ಹೃದಯಗಳನ್ನೆಲ್ಲ ಹಾಕಿದ್ದೆ. ಕೆಲಸದ ಮಾತಿಗೆ ಇಟ್ಟುಕೊಂಡಿದ್ದ ಲಕ್ಷ್ಮೀಕಾಂತ್ ಅವರ ನಂಬರೂ ನನ್ನ ಫೋನಿನಲ್ಲಿ ಇದೆ ಎಂಬುದು ನನಗೆ ನೆನಪೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರ ಫೋನು. “ಮೇಡಂ, ಕಂಗ್ರಾಟ್ಸ್. ನಿಮ್ಮೆಜಮಾನ್ರಿಗೆ ಇಪ್ಪತ್ನಾಲ್ಕಾ, ಇಪ್ಪತ್ತಾರಾ?” ತಮಾಷೆಗೆ ಎಂದೆ. “ನೋಡಿ ಮೇಡಂ, ನನ್ ಕಣ್ಣಿಗೆ ಬೀಳ್ದೆ ಇದ್ದಿದ್ರೆ ಬೇರೆ ಮಾತು. ಈಗ ಗೊತ್ತಿದ್ದೂ ಸೈನ್ ಹಾಕಿ, ನಾಳೆ ಏನಾದ್ರೂ ಎಚ್ಚುಕಮ್ಮಿ ಆದ್ರೆ ನನ್ ಕೆಲ್ಸ ಹೋಗುತ್ತೆ. ಇಪ್ಪತ್ತೈದು ತುಂಬಿರೋ ಬೇರೆ ಹೆಸ್ರು ಕೊಡಿ, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋತೀವಿ” ಎಂದರು.

ಮಾವನಿಗೆ ನಾನೇ ಹೋಗಿ ಹೇಳಿದೆ. ಅವರು ತೆಂಗಿನ ಗರಿ ಸೀಳುತ್ತ ಕೂತಿದ್ದರು. ಬೈಯಲಿಲ್ಲ. ಇನ್ನೊಂದು ಗರಿ ತೆಗೆದುಕೊಂಡರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಇವರೂ ಬೈಯಲಿಲ್ಲ. “ಅಕ್ಕ ಗೊತ್ತಿಲ್ದೆ ಬರ್ದಿರಲ್ಲ ಬುಡು” ಎಂದರು. ಅದೇನು ಎಂದು ಕೇಳಿದರೆ ಹೆಲ್ಮೆಟ್ ತೆಗೆದುಕೊಂಡು ಹೊರಟರು. ನಿಮ್ಮ ಮೇಲೆ ತಪ್ಪು ಹೊರಿಸುವುದು ನನಗೆ ಇಷ್ಟವಾಗಲಿಲ್ಲ ಅಕ್ಕ. ಕೇಳಿದ್ದು ನಾನು, ಊರಿಗೆಲ್ಲ ಸಾರಿದ್ದು ನಾನು. ನೀವು ಪಾಪ ಕೇಳಿದ್ದನ್ನು ಹೇಳಿದಿರಿ.

ಏನು ಮಾಡಲಿ, ಬರೆಯಿರಿ.

ತ್ರಿವೇಣಿ


ಕುಣಿಗಲ್
1 ಡಿಸೆಂಬರ್ 2025

ತ್ರಿವೇಣಿಗೆ,

ಮಲ್ಲಿಯ ಹೆಸರು ಹೋದದ್ದು ಒಳ್ಳೆಯದಾಯಿತು. ನೀನು ಅಳಬೇಡ.

ಸ್ಕೂಲುಗಳ ಯೂನಿಫಾರಂ ಆರ್ಡರ್ ಇದೆ. ಅಂಗಡಿಯಲ್ಲಿ ಕೆಲಸ ಜಾಸ್ತಿ.

ಸುಧಾ


ಹಾಗಲವಾಡಿ
8 ಡಿಸೆಂಬರ್ 2025

ಪ್ರೀತಿಯ ಸುಧಕ್ಕ,

ನಿಮ್ಮ ಪತ್ರ ಓದಿ ನಿಜ ಹೇಳುತ್ತೇನೆ, ಸ್ವಲ್ಪ ಕೋಪ ಬಂತು. ಒಡಹುಟ್ಟಿದ ತಮ್ಮನ ಕೆಲಸ ಹೋದರೆ ‘ಒಳ್ಳೆಯದಾಯಿತು’ ಎನ್ನುತ್ತಾರಾ? ಒಂದು ದಿನವೆಲ್ಲ ಮುಖ ಊದಿಸಿಕೊಂಡಿದ್ದೆ. ಆದರೆ ಈಗ ನಾನು ಯಾರ ಮೇಲೂ ಕೋಪ ಇಟ್ಟುಕೊಳ್ಳುವ ಸ್ಥಿತಿಯಲ್ಲಿಲ್ಲ. ಯಾಕೆ ಹೇಳಿ? ನಿಮ್ಮ ಮುಂದಿರುವುದು ಅಂತರಸನಹಳ್ಳಿ ಮೈದಾನದ ಮುಖ್ಯಸ್ಥೆಯ ಕೈಬರಹ!

ಗುರುವಾರ ಊಟ ಮಾಡಿ ಕೈ ತೊಳೆಯುತ್ತ ಮಾವ ಕೇಳಿದರು, “ನಿಂಗೆಷ್ಟವ್ವ ವಯಸ್ಸು?”

“ಇಪ್ಪತ್ತೈದು ಮಾವ. ಜನವರಿಗೆ ಇಪ್ಪತ್ತಾರು.”

“ಕಾಗದದಾಗೂ ಅಷ್ಟೇಯಾ?”

“ಕಾಗದದಾಗೂ ಅಷ್ಟೇ.”

“ಸರಿ ಐತೆ ಬುಡು” ಎಂದು ಟವೆಲಿನಲ್ಲಿ ಕೈ ಒರೆಸಿಕೊಂಡರು. ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಇವರು ಮಾತ್ರ ತಟ್ಟೆ ಬಿಟ್ಟು ಎದ್ದು ನಿಂತರು. “ಬ್ಯಾಡ ಅಪ್ಪ” ಎಂದರು. ಮಾವ ಇವರ ಕಡೆ ನೋಡಿದರು. “ಯಾಕ್ಲಾ? ಹೆಸ್ರು ಮನೆಯವ್ರುದೇ ಇರ್ಬೇಕು. ಬ್ಯಾರೆ ಯಾರವ್ರೆ ಹೇಳು.” ಇವರು ಮತ್ತೆ ಕೂತರು. ಲಕ್ಷ್ಮೀಕಾಂತ್‌ಗೆ ಫೋನ್ ಮಾಡಿದರೆ ಅವರಂತೂ ಕುಣಿದುಬಿಟ್ಟರು. ಲೇಡಿ ಎಂದರೆ ಪೇಪರಿನವರು ಫೋಟೋ ಹಾಕುತ್ತಾರಂತೆ!

ಮನೆಯ ಪದ್ಧತಿ ನಿಮಗೆ ಗೊತ್ತೇ ಇದೆ, ನನಗೆ ಈಗ ಗೊತ್ತಾಯಿತು. ಯಾರ ಹೆಸರಲ್ಲಿ ಕೆಲಸವೋ ಮೊದಲ ಬತ್ತಿ ಅವರ ಕೈಯಿಂದಲೇ ಹತ್ತಬೇಕು. ಆಮೇಲೆ ಉಳಿದವರು ಮುಟ್ಟುವುದು. “ಹೆಸರು ಒಬ್ರುದು, ಕಿಚ್ಚು ಇನ್ನೊಬ್ರುದು ಆಗಬಾರ್ದು” ಎಂದರು ಮಾವ. ಅವರ ಅಪ್ಪನ ಕಾಲದಿಂದ ಹೀಗೇ ಅಂತೆ. ನನಗೆ ರೋಮಾಂಚನ! ಸಾವಿರ ಜನ ಕತ್ತೆತ್ತಿ ನೋಡುವ ಮೊದಲ ಹೂವು ನನ್ನ ಕೈಯಿಂದ!

ದಿನಾ ಸಂಜೆ ತೋಟದಲ್ಲಿ ಅಭ್ಯಾಸ ನಡೆಯುತ್ತಿದೆ. ಉದ್ದ ಕೋಲಿನ ತುದಿಗೆ ಊದುಬತ್ತಿ ಕಟ್ಟಿಕೊಂಡು, ಗುಂಡು ಹಾರಿಸಲು ನೆಲದಲ್ಲಿ ಹೂತ ಖಾಲಿ ಕೊಳವೆಯ ಬತ್ತಿಗೆ ಮುಟ್ಟಿಸಿ, ಹಿಂದೆ ಬರುವುದು. ನಿನ್ನೆ ಬತ್ತಿಗೆ ತಾಗಿತೋ ಇಲ್ಲವೋ ಎಂದು ಕೊಳವೆಯೊಳಗೆ ಇಣುಕಿದೆ. ಇವರು ಹಿಂದಿನಿಂದ ಬಂದು ನನ್ನ ಜಡೆ ಹಿಡಿದು ಎಳೆದುಬಿಟ್ಟರು! ಮಾವನ ಎದುರಿಗೇ! ನನಗೆ ನಾಚಿಕೆಯೋ ನಾಚಿಕೆ. ಹೊಸ ಮದುಮಗನಿಗೆ ಸ್ವಲ್ಪವೂ ತಾಳ್ಮೆ ಇಲ್ಲ.

28ಕ್ಕೆ ನೀವು ಬರಲೇಬೇಕು. ಕುಣಿಗಲ್‌ನಿಂದ ತುಮಕೂರಿಗೆ ಎಷ್ಟು ದೂರ? ನಿಮಗೆ ಮುಂದಿನ ಸಾಲಿನಲ್ಲಿ ಕುರ್ಚಿ.

ಮುಖ್ಯಸ್ಥೆ ತ್ರಿವೇಣಿ


ಕುಣಿಗಲ್
13 ಡಿಸೆಂಬರ್ 2025

ತ್ರಿವೇಣಿ,

ನಿನ್ನ ಪತ್ರ ಮಧ್ಯಾಹ್ನ ಅಂಗಡಿಗೆ ಬಂತು. ನಿಂತೇ ಓದಿದೆ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ.

ನೀನು ಆ ಕೆಲಸಕ್ಕೆ ನಿಲ್ಲಬೇಡ.

ಜಯಪ್ರಕಾಶ್ ಬೈಕಿನಿಂದ ಬೀಳಲಿಲ್ಲ. ಅವರ ಹತ್ತಿರ ಬೈಕು ಇರಲಿಲ್ಲ.

2023ರ ಜನವರಿಯಲ್ಲಿ ಕುಣಿಗಲ್ ಹತ್ತಿರ ಒಂದು ಹೊಸ ಲೇಔಟಿನ ಉದ್ಘಾಟನೆಗೆ ಅಪ್ಪ ಮದ್ದಿನ ಕೆಲಸ ಒಪ್ಪಿಕೊಂಡಿದ್ದರು. ಅಲ್ಲಿಯೂ ಇದೇ ಷರತ್ತು. ಅಪ್ಪನಿಗೆ ಆಗಲೇ ಅರವತ್ತು ದಾಟಿತ್ತು. ಮಲ್ಲಿಗೆ ಕಾಗದದ ಲೆಕ್ಕದಲ್ಲಿಯೂ ಇಪ್ಪತ್ಮೂರು. ಅಪ್ಪ ನಮ್ಮ ಮನೆಗೆ ಬಂದು ಜಯಪ್ರಕಾಶ್ ಅವರ ಹೆಸರು ಕೇಳಿದರು. ಇವರು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು.

“ನಂಗೆ ಮದ್ದಿನ ಕೆಲ್ಸ ಬರಲ್ವಲ್ಲ ಮಾವ” ಎಂದರು ಇವರು.

“ನೀವೇನೂ ಮಾಡ್ಬೇಕಾಗಿಲ್ಲ. ನಿಮ್ ವಯಸ್ಸು ಸರಿ ಐತೆ. ಮೊದ್ಲು ಬತ್ತಿ ಮುಟ್ಸಿ ಈಚೆಗ್ ಬಂದ್ಬುಟ್ರೆ ಆಯ್ತು” ಎಂದರು ಅಪ್ಪ.

ನಾನು ಟೀ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ನನಗೆ ಇಪ್ಪತ್ತೆಂಟು. ಗುಂಡು ಸುತ್ತುವುದು, ಬತ್ತಿ ಅಳೆಯುವುದು, ಕೊಳವೆ ಹೂಳುವುದು ಎಲ್ಲ ನನಗೆ ಬರುತ್ತಿತ್ತು. ಅಪ್ಪನೇ ಕಲಿಸಿದ್ದು. ಅವರು ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಹೆಂಗಸಿನ ಹೆಸರನ್ನೂ ಕೊಡಬಹುದು ಎಂದು ಆಗ ಅವರಿಗೆ ಹೊಳೆಯಲಿಲ್ಲ. ಈಗ ಹೊಳೆದಿದೆ.

ಕೊಳವೆಯ ಮೇಲೆ ಬಗ್ಗಬಾರದು. ಅದನ್ನು ನನಗೆ ಮಗುವಾಗಿದ್ದಾಗಲೇ ಹೇಳಿಕೊಟ್ಟಿದ್ದರು, ಒಲೆ ಮುಟ್ಟಬಾರದು ಎಂದು ಹೇಳಿಕೊಡುವ ಹಾಗೆ. ಹೊರಗಿನಿಂದ ಬಂದವರಿಗೂ ಹೇಳಬೇಕು ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಇವರು ಬತ್ತಿ ಮುಟ್ಟಿಸಿದರು. ಹತ್ತಲಿಲ್ಲ ಅಂದುಕೊಂಡು ಇಣುಕಿದರು. ಹತ್ತಿತ್ತು.

ನನಗೆ ಫೋನಿನಲ್ಲಿ ಹೇಳಿದರು. ಆಮೇಲೆ ಆ ಫೋನನ್ನು ಚಾರ್ಜಿಗೆ ಹಾಕಲಿಲ್ಲ.

ಮಲ್ಲಿ ನಿನ್ನ ಜಡೆ ಎಳೆದದ್ದು ಆಟಕ್ಕಲ್ಲ.

ಇನ್ನೊಂದು ವಿಷಯ. ನೀನು ಕೇಳಿದ್ದು ಅವನು ಹುಟ್ಟಿದ ದಿನ. ವರ್ಷ ಬರೆಯದೆ ಬಿಡಬಹುದಿತ್ತು. ಬರೆದೆ. ನಿನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಮೊದಲ ಪತ್ರ ಓದಿದಾಗಲೇ ಗೊತ್ತಾಗಿತ್ತು. ಮಲ್ಲಿಯ ಹೆಸರು ತಪ್ಪಲಿ ಎಂದೇ ಬರೆದದ್ದು. ಅವನನ್ನು ತೆಗೆದು ನಿನ್ನನ್ನು ನಿಲ್ಲಿಸುತ್ತಾರೆ ಎಂದು ಎಣಿಸಿರಲಿಲ್ಲ.

22ರ ಸೋಮವಾರ ಬರುತ್ತೇನೆ. ಅಪ್ಪನಿಗೆ ಹೇಳಬೇಡ. ಅಲ್ಲಿಯವರೆಗೆ ಕೊಳವೆಯ ಹತ್ತಿರ ಹೋಗಬೇಡ.

ಸುಧಾ


ಹಾಗಲವಾಡಿ
17 ಡಿಸೆಂಬರ್ 2025

ಸುಧಕ್ಕ,

ಪತ್ರ ಬಂತು.

ಇವರನ್ನು ಕೇಳಿದೆ. “ಭಾವ ಹೇಗೆ ಸತ್ತಿದ್ದು?”

“ಹೇಳಿದ್ನಲ್ಲ.”

“ಅವರಿಗೆ ಬೈಕೇ ಇರ್ಲಿಲ್ವಂತೆ.”

ಇವರು ಮಂಚದ ತುದಿಯಲ್ಲಿ ಕೂತರು. “ನಿಜ ಹೇಳಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ರಾ?” ಎಂದರು. ಕೊಡುತ್ತಿರಲಿಲ್ಲ. ನಾನೂ ಒಪ್ಪುತ್ತಿರಲಿಲ್ಲವೇನೋ. “ನಾನು ಪಕ್ಕದ ಸಾಲಲ್ಲೇ ಇದ್ದೆ ಕಣೇ. ಕೂಗೋಕೆ ಬಾಯಿ ತೆಗ್ದೆ, ಅಷ್ಟ್ರಲ್ಲಿ ಆಗೋಗಿತ್ತು” ಎಂದರು.

ಅಭ್ಯಾಸಕ್ಕೆ ಹೋಗುತ್ತಿಲ್ಲ. ಜ್ವರ ಎಂದು ಹೇಳಿದ್ದೇನೆ. ಮಾವ ಕಷಾಯ ಮಾಡಿ ತಂದುಕೊಟ್ಟರು. ಅವರೇ ಮೆಣಸು ಕುಟ್ಟಿ ಮಾಡಿದ್ದು. ಕುಡಿದೆ. ಅವರನ್ನು ದ್ವೇಷಿಸಲು ಪ್ರಯತ್ನಿಸಿದೆ. ಆಗುತ್ತಿಲ್ಲ. ಬೇರೆ ಏನೂ ಆಗುತ್ತಿಲ್ಲ.

ಬನ್ನಿ.

ತ್ರಿವೇಣಿ


ಹಾಗಲವಾಡಿ
1 ಜನವರಿ 2026

ಸುಧಕ್ಕ,

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಒಂದು ವಾರ ಒಂದೇ ಮನೆಯಲ್ಲಿದ್ದರೂ ನಾವು ಅಡುಗೆ, ನೀರು, ಬಟ್ಟೆ ಬಿಟ್ಟು ಏನೂ ಮಾತಾಡಲಿಲ್ಲ. ನೀವು ಅಲ್ಲಿದ್ದಿರಿ, ಆದರೆ ಏನನ್ನೂ ನೋಡುತ್ತಿರಲಿಲ್ಲ ಅನ್ನಿಸಿತು. ಅದಕ್ಕೆ ನಾನು ನೋಡಿದ್ದನ್ನು ಬರೆಯುತ್ತೇನೆ.

ಸೋಮವಾರ ನೀವು ಬಸ್ಸಿಳಿದು ಬಂದಾಗ ಮಾವ ಜಗುಲಿಯ ಮೇಲೆ ಇದ್ದರು. ಎದ್ದು ನಿಂತರು. ನನ್ನಪ್ಪ ಬಂದರೂ ಅವರು ಎದ್ದವರಲ್ಲ.

“ಬಂದ್ಯವ್ವಾ?”

“ಬಂದೆ ಕಣಪ್ಪ. ತ್ರಿವೇಣಿ ಹೆಸ್ರು ತೆಗ್ದು ನನ್ ಹೆಸ್ರು ಕೊಡು.”

“ನಿನ್ ಹೆಸ್ರಾ?”

“ಮೂವತ್ತೊಂದು ನಂಗೆ. ಆವತ್ತು ಇಪ್ಪತ್ತೆಂಟಿತ್ತು. ಆವತ್ತೂ ಸಾಲ್ತಿತ್ತು.”

ನೀವು ಚಪ್ಪಲಿ ಬಿಟ್ಟು ಒಳಗೆ ಬಂದುಬಿಟ್ಟಿರಿ. ಮಾವ ಅಲ್ಲೇ ನಿಂತಿದ್ದರು. ಕೈಯಲ್ಲಿದ್ದ ಎಲೆಅಡಿಕೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಕೆಳಗೂ ಇಡಲಿಲ್ಲ. ನಾನು ನೀರು ತಂದುಕೊಟ್ಟೆ. “ಮ್ಯಾನೇಜರ್‌ಗೆ ಫೋನ್ ಮಾಡವ್ವ” ಎಂದರು. “ನನ್ ಮಗಳು ಅಂತ ಹೇಳು. ಎಲ್ಲ ಬತ್ತದೆ ಅವ್ಳಿಗೆ ಅಂತ ಹೇಳು.” ಅವರ ಧ್ವನಿ ಸರಿಯಾಗಿಯೇ ಇತ್ತು. ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದರು.

ಭಾನುವಾರ ಮಧ್ಯಾಹ್ನವೇ ಮೈದಾನದಲ್ಲಿ ನೀವು ಒಂದೊಂದು ಕೊಳವೆಯನ್ನೂ ಅಲ್ಲಾಡಿಸಿ ನೋಡಿದಿರಿ. ಮಾವನನ್ನು ಹಗ್ಗದ ಆಚೆ ನಿಲ್ಲಿಸಿದ್ದರು. ಅರವತ್ತು ದಾಟಿದವರು ಒಳಗೆ ಬರುವಂತಿಲ್ಲ ಎಂದು ಲಕ್ಷ್ಮೀಕಾಂತ್ ಹೇಳಿದ್ದರು. ಮೂರನೆಯ ಸಾಲಿನ ಒಂದು ಕೊಳವೆಯನ್ನು ನೀವು ಕಿತ್ತು ಪಕ್ಕಕ್ಕಿಟ್ಟಾಗ ಮಾವ ತಲೆಯಾಡಿಸಿದರು. ನೀವು ಅವರ ಕಡೆ ನೋಡಿರಲಿಲ್ಲ. ಆಮೇಲೆ ನಿಮ್ಮ ಜೊತೆ ಕೆಲಸ ಮಾಡುವವರನ್ನೆಲ್ಲ ಕೂರಿಸಿಕೊಂಡು, ಕೊಳವೆಯ ಮೇಲೆ ಬಗ್ಗಬಾರದು ಎಂದು ಹೇಳಿದಿರಿ. ಅವರೆಲ್ಲ ಎಷ್ಟೋ ವರ್ಷಗಳಿಂದ ಈ ಕೆಲಸದವರೇ. ಒಬ್ಬರು ನಕ್ಕರು. ನೀವು ಮತ್ತೆ ಮೊದಲಿನಿಂದ ಹೇಳಿದಿರಿ. ಆಮೇಲೆ ಯಾರೂ ನಗಲಿಲ್ಲ.

ಸಂಜೆ ಭಾಷಣ ಮುಗಿಯಿತು, ದೀಪ ಆರಿಸಿದರು. ನೀವು ಕೋಲು ಹಿಡಿದು ಹೋದಿರಿ. ಬತ್ತಿ ಮುಟ್ಟಿಸಿದಿರಿ. ಬೆನ್ನು ತಿರುಗಿಸಿ ನಡೆದು ಬಂದಿರಿ. ಓಡಲಿಲ್ಲ. ಗುಂಡು ಮೇಲೆ ಹೋಯಿತು. ಎಲ್ಲರೂ ‘ಓ’ ಎಂದು ಕತ್ತೆತ್ತಿದರು. ನಾನು ಎತ್ತಲಿಲ್ಲ ಅಕ್ಕ. ನಿಮ್ಮನ್ನೇ ನೋಡುತ್ತಿದ್ದೆ. ನಿಮ್ಮ ಮುಖ ಒಮ್ಮೆ ಕೆಂಪಾಯಿತು, ಒಮ್ಮೆ ಹಸಿರಾಯಿತು, ಮತ್ತೆ ಕತ್ತಲಾಯಿತು. ನೀವು ನೆಲ ನೋಡುತ್ತಿದ್ದಿರಿ. ಮಲ್ಲಿ ಎರಡನೆಯ ಸಾಲಿಗೆ ಹಚ್ಚಲು ನಿಮ್ಮ ಕೈ ಸನ್ನೆಗೆ ಕಾಯುತ್ತಿದ್ದರು. ನೀವು ಕೈ ಎತ್ತಿದಿರಿ.

ಎಲ್ಲ ಚೆನ್ನಾಗಿ ಆಯಿತು ಎಂದರು. ಲಕ್ಷ್ಮೀಕಾಂತ್ ನಿಮಗೆ ಶಾಲು ಹೊದಿಸಿದರು. ಪೇಪರಿನವರು ಫೋಟೋ ತೆಗೆದರು. ನೀವು ಶಾಲನ್ನು ನನ್ನ ಕೈಗೆ ಕೊಟ್ಟು ಮೊಸರನ್ನ ತಿಂದಿರಿ. ಬೆಳಿಗ್ಗೆ ಬಸ್ಸು ಹತ್ತಿದಿರಿ.

ಮೊದಲಿನ ತ್ರಿವೇಣಿ ಆಗಿದ್ದರೆ ಬಸ್ ಸ್ಟ್ಯಾಂಡಿನಲ್ಲೇ ಕೇಳಿಬಿಡುತ್ತಿದ್ದೆ. ಈಗ ಪತ್ರದಲ್ಲಿ ಕೇಳುತ್ತಿದ್ದೇನೆ. ಬತ್ತಿ ಹಚ್ಚುವಾಗ ನಿಮಗೆ ಏನನ್ನಿಸಿತು?

ತ್ರಿವೇಣಿ


ಕುಣಿಗಲ್
9 ಜನವರಿ 2026

ತ್ರಿವೇಣಿ,

ಪತ್ರ ಬಂತು. ಅತ್ತೆ ಪೇಪರಿನಲ್ಲಿ ಫೋಟೋ ನೋಡಿದರು. “ಮದ್ದು ಸುಡೋಕೆ ಹೋಗ್ತೀನಿ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ” ಎಂದರು. ಹೇಳಿದ್ದರೆ ಬಿಡುತ್ತಿರಲಿಲ್ಲ. ಮಗ ಹೋದದ್ದು ಆ ಕೆಲಸದಲ್ಲೇ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಕೈ ಮುಂದಕ್ಕೆ ಚಾಚಿಸಿ, ಸುಟ್ಟಿದೆಯಾ ಎಂದು ಬೆರಳು ಬೆರಳು ನೋಡಿದರು. ಸುಟ್ಟಿರಲಿಲ್ಲ.

ಏನನ್ನಿಸಿತು ಎಂದು ಕೇಳಿದ್ದೀಯ. ಏನೂ ಅನ್ನಿಸಲಿಲ್ಲ. ಅಲ್ಲಿಗೆ ಹೋದರೆ ಅಳು ಬರಬಹುದು, ಅಪ್ಪನ ಮೇಲೆ ಸಿಟ್ಟಾದರೂ ಬರಬಹುದು ಎಂದುಕೊಂಡಿದ್ದೆ. ಬತ್ತಿ ಎಷ್ಟು ಉದ್ದ ಇದೆ, ಗಾಳಿ ಯಾವ ಕಡೆ ಇದೆ, ಇಷ್ಟೇ ತಲೆಯಲ್ಲಿ ಇದ್ದದ್ದು. ಮೇಲೆ ಏನು ಬಣ್ಣ ಬಂತು ಎಂದು ನಿನ್ನ ಪತ್ರ ಓದಿದ ಮೇಲೆ ಗೊತ್ತಾಯಿತು.

ನಿನ್ನೆ ಅಪ್ಪ ಇಲ್ಲಿಗೆ ಬಂದಿದ್ದರು. ಮೂರು ವರ್ಷದಲ್ಲಿ ಮೊದಲ ಸಲ. ಅತ್ತೆ ಎದ್ದು ಒಳಗೆ ಹೋದರು. ಅಪ್ಪ ಬಾಗಿಲ ಹತ್ತಿರವೇ ಕೂತರು. ಗುಬ್ಬಿಯಲ್ಲಿ ಯುಗಾದಿಗೆ ಇನ್ನೊಂದು ಕೆಲಸ ಬಂದಿದೆಯಂತೆ. ಅದೇ ಇನ್ಶೂರೆನ್ಸು, ಅದೇ ಷರತ್ತು. ಯಾರ ಹೆಸರು ಎಂದು ಅವರು ಕೇಳಲಿಲ್ಲ. ಕೇಳಲು ಬಂದು ಕೇಳದೆ ಕೂತಿದ್ದರು. ನಾನೇ ಹೇಳಿದೆ, ನನ್ನ ಹೆಸರು ಕೊಡು ಎಂದು. ಅವರು ಹೂಂ ಎಂದು ಟೀ ಕುಡಿದು ಹೋದರು.

ನವೆಂಬರ್ ಬಂದರೆ ಮಲ್ಲಿಗೆ ನಿಜವಾಗಿಯೇ ಇಪ್ಪತ್ತೈದು ತುಂಬುತ್ತದೆ. ಅವನ ಹೆಸರು ಕೊಡಬಹುದು ಎನ್ನುತ್ತಾರೆ. ನೀನು ಒಪ್ಪಬೇಡ. ನಿನಗೂ ವಯಸ್ಸು ಸರಿಯಾಗಿದೆ ಎಂದು ಯಾರಾದರೂ ನೆನಪು ಮಾಡುತ್ತಾರೆ. ಅದಕ್ಕೂ ಒಪ್ಪಬೇಡ. ಎಲ್ಲದಕ್ಕೂ ನನ್ನ ಹೆಸರೇ ಇರಲಿ.

ನನಗೆ ಅರವತ್ತು ತುಂಬುವುದಕ್ಕೆ ಇನ್ನೂ ಇಪ್ಪತ್ತೊಂಬತ್ತು ವರ್ಷ ಇದೆ.

ಸುಧಾ